ಟೀವಿ ಆರಿಸಿ ಹಾಡು ಹಾಕಿದ ಸುತ್ತಕ್ಕ

ನಮ್ಮ ದೊಡ್ಡಮ್ಮ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ತಾಮ್ರದ ತಂತಿ ಸುತ್ತಿದಳು. ರೇಡಿಯೊ, ಆಂಪ್ಲಿಫೈಯರ್, ಬ್ಯಾಟರಿ ಚಾರ್ಜರುಗಳ ಹೊಟ್ಟೆಯೊಳಗೆ ತಗಡು ತಗಡಾಗಿ ಜೋಡಿಸಿದ, ಅಂಗೈಯಷ್ಟು ಅಗಲದ ಭಾರವಾದ ಕಬ್ಬಿಣದ ಗಟ್ಟಿಯೊಂದು ಇರುತ್ತದಲ್ಲ, ಅದರೊಳಗಿನ ಸುರುಳಿಯನ್ನು ಸುತ್ತುವುದು ಅವಳ ಕೆಲಸ. ಕೂದಲಿಗಿಂತ ಒಂದಿಷ್ಟು ದಪ್ಪದ ತಂತಿ. ಒಂದೊಂದು ಸುರುಳಿಗೂ ಸಾವಿರಾರು ಸುತ್ತು. ಒಂದು ಸುತ್ತು ಎಡವಟ್ಟಾಗಿ ಇನ್ನೊಂದರ ಮೇಲೆ ಏರಿದರೆ ಇಡೀ ಸುರುಳಿ ಕಸದ ಬುಟ್ಟಿಗೆ. ಆ ವಿಭಾಗದಲ್ಲಿ ನಲವತ್ತು ಜನ ಹೆಂಗಸರಿದ್ದರು. ಅಷ್ಟೂ ಜನ ಸುತ್ತುವವರೇ ಆದರೂ 'ಸುತ್ತಕ್ಕ' ಎಂಬ ಹೆಸರು ಬಿದ್ದದ್ದು ಇವಳೊಬ್ಬಳಿಗೇ.

ಆ ಹೆಸರು ಬಂದದ್ದು ಕೈಯಿಂದ, ಉಳಿದದ್ದು ಕಿವಿಯಿಂದ. ಒಂದು ಮಧ್ಯಾಹ್ನ ಊಟ ಮುಗಿಸಿ ಪರೀಕ್ಷಾ ಕೊಠಡಿಯ ಮುಂದೆ ಹಾದುಹೋಗುವಾಗ ಅವಳು ಗಕ್ಕನೆ ನಿಂತಳಂತೆ. ಒಳಗೆ ಸಾಲಾಗಿ ಇಟ್ಟ ಟ್ರಾನ್ಸ್‌ಫಾರ್ಮರುಗಳಿಗೆ ಕರೆಂಟು ಕೊಟ್ಟಿದ್ದರು. ಅವು ಗುಂಯ್ ಎನ್ನುತ್ತಿದ್ದವು. ಎನ್ನಲೇಬೇಕು, ಅದು ಅವುಗಳ ಉಸಿರು. ಆದರೆ ಆ ಗುಂಯ್ ಒಳಗೆ ಇನ್ನೊಂದು ಸಣ್ಣ ಗರಗರ ಇವಳಿಗೆ ಕೇಳಿಸಿತು.

"ಸಾರ್, ಇದರಲ್ಲಿ ತಗಡು ಸಡಿಲ ಇದೆ" ಎಂದಳು.

ಎಂಜಿನಿಯರು ಕನ್ನಡಕದ ಮೇಲಿಂದ ನೋಡಿದರು. "ಮೀಟರ್ ಎಲ್ಲಾ ಸರಿ ತೋರಿಸ್ತಿದೆಯಲ್ಲಮ್ಮ."

"ಮೀಟರಿಗೆ ಕಿವಿ ಇಲ್ಲ ಸಾರ್. ಬಿಚ್ಚಿ ನೋಡಿ."

ಬಿಚ್ಚಿ ನೋಡಿದರೆ ಆ ಸಾಲಿನ ಅರವತ್ತರಲ್ಲಿ ಇಪ್ಪತ್ತೆರಡರ ತಗಡು ಸಡಿಲ. ಅಂದಿನಿಂದ ಅವಳು ನಿವೃತ್ತಳಾಗುವ ದಿನದವರೆಗೆ, ಯಾವ ಪೆಟ್ಟಿಗೆಯ ಸದ್ದಿನ ಮೇಲೆ ಅನುಮಾನ ಬಂದರೂ "ಸುತ್ತಕ್ಕನ್ನ ಕರೀರಿ" ಎನ್ನುವುದು ಕಾರ್ಖಾನೆಯಲ್ಲಿ ರೂಢಿಯಾಯಿತು.

ಇಂಥವಳನ್ನು ಕಟ್ಟಿಕೊಂಡ ನಮ್ಮ ದೊಡ್ಡಪ್ಪ ಮುದ್ರಣಾಲಯದಲ್ಲಿ ಪ್ರೂಫ್ ರೀಡರ್. ಅಚ್ಚಿಗೆ ಹೋಗುವ ಪ್ರತಿ ಪುಟವನ್ನೂ ಕೆಂಪು ಪೆನ್ನು ಹಿಡಿದು ಓದಿ ತಪ್ಪು ಹೆಕ್ಕುವ ಕೆಲಸ. ಕೆಲಸ ಮುಗಿಸಿ ಮನೆಗೆ ಬಂದರೂ ಆ ಪೆನ್ನು ಜೇಬಿನಿಂದ ಇಳಿಯುತ್ತಿರಲಿಲ್ಲ. ಔಷಧಿ ಡಬ್ಬಿಯ ಚೀಟಿ, ಬಸ್ ಟಿಕೆಟ್ಟಿನ ಹಿಂಬದಿ, ಎದುರುಮನೆಯವರು 'ಮನೆ ಬಾಡಿಗೆಗಿದೆ' ಎಂದು ತೂಗುಹಾಕಿದ ರಟ್ಟು, ಎಲ್ಲದರಲ್ಲೂ ಅವರಿಗೆ ತಪ್ಪು ಕಾಣುತ್ತಿತ್ತು. ನಾನು ಚಿಕ್ಕವಳಿದ್ದಾಗ ಬರೆದ ರಜೆ ಅರ್ಜಿಯನ್ನು ಮೂರು ಸಲ ತಿದ್ದಿಸಿದ್ದರು. ಮೂರನೆಯ ಸಲ ಬರೆಯುವಷ್ಟರಲ್ಲಿ ನನ್ನ ಜ್ವರ ಬಿಟ್ಟುಹೋಗಿತ್ತು.

ದೊಡ್ಡಪ್ಪನಿಗೆ ಹಾಡುಗಳ ಹುಚ್ಚು. ಇನ್ನೂರಕ್ಕೂ ಹೆಚ್ಚು ಕ್ಯಾಸೆಟ್ಟುಗಳು. ಪ್ರತಿಯೊಂದರ ಮೇಲೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಹಾಡಿನ ಹೆಸರು. ಒಂದೊಂದು ಹಾಡಿನ ಒಂದೊಂದು ಪದವೂ ಅವರಿಗೆ ಬಾಯಿಪಾಠ. ದೊಡ್ಡಮ್ಮನೂ ದಿನವಿಡೀ ಹಾಡುವವಳೇ, ಆದರೆ ಅವಳಿಗೆ ರಾಗ ಒಲಿದಷ್ಟು ಪದ ಒಲಿದಿರಲಿಲ್ಲ. ಬಾಯಿಗೆ ಬಂದ ಪದ ಸೇರಿಸಿ ಮುಂದೆ ಸಾಗುತ್ತಿದ್ದಳು. "ಬೆಳಕು ಬಂದಿತು ಬಾಗಿಲಿಗೆ" ಎಂಬ ಹಾಡು ಅವಳ ಬಾಯಲ್ಲಿ "ಬಳಗ ಬಂದಿತು ಬಾಗಿಲಿಗೆ" ಆಗಿತ್ತು.

"ಏ, ಬಳಗ ಅಲ್ಲ ಕಣೇ, ಬೆಳಕು" ಎಂದು ದೊಡ್ಡಪ್ಪ ಗಡ್ಡ ಹೆರೆಯುತ್ತಾ ಕನ್ನಡಿಯೊಳಗಿಂದಲೇ ಗದರುತ್ತಿದ್ದರು.

"ನನ್ನ ಬಾಗಿಲಿಗೆ ಬಳಗಾನೇ ಬರಲಿ ಬಿಡ್ರೀ. ಬೆಳಕನ್ನ ಕರೆಂಟಿನೋರು ಕೊಡ್ತಾರೆ" ಎನ್ನುತ್ತಿದ್ದಳು ಇವಳು.

ಇಬ್ಬರೂ ನಿವೃತ್ತರಾಗಿ ನಾಲ್ಕು ವರ್ಷ ಕಳೆದಿತ್ತು. ಒಂದು ಬೆಳಗ್ಗೆ ದೊಡ್ಡಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಹಾಗೇ ಗೋಡೆಗೆ ಒರಗಿ ಕುಸಿದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮೂರು ವಾರ ಆಸ್ಪತ್ರೆ. ಮನೆಗೆ ಮರಳುವ ಹೊತ್ತಿಗೆ ಕೋಲು ಊರಿಕೊಂಡು, ಕಾಲೆಳೆದುಕೊಂಡು ನಾಲ್ಕು ಹೆಜ್ಜೆ ಹಾಕುವಷ್ಟಾಗಿದ್ದರು. ಮಾತು ಮಾತ್ರ ಮರಳಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಉತ್ತರವೂ ಕಣ್ಣಲ್ಲಿ ಕಾಣುತ್ತಿತ್ತು, ಬಾಯಿಂದ ಬರುತ್ತಿದ್ದುದು "ಅದು... ಅದು..." ಅಷ್ಟೇ. ನೀರು ಬೇಕಾದರೂ ಅದು, ಕಿಟಕಿ ಮುಚ್ಚಬೇಕಾದರೂ ಅದು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಅಕ್ಷರಗಳೂ ಅವರನ್ನು ಬಿಟ್ಟುಹೋಗಿದ್ದವು. ಬೆಳಗ್ಗೆ ಪೇಪರ್ ಕೈಗೆ ಕೊಟ್ಟರೆ ಬಹಳ ಹೊತ್ತು ದಿಟ್ಟಿಸಿ ನೋಡಿ, ನಿಧಾನವಾಗಿ ಮಡಚಿ, ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಯಾರಿಗೂ ಕಾಣದಿರಲಿ ಎಂಬಂತೆ.

ಮಾತಿನ ತರಬೇತಿ ಕೊಡುವ ಹೆಂಗಸೊಬ್ಬರು ವಾರಕ್ಕೆ ಎರಡು ಸಲ ಮನೆಗೆ ಬರುತ್ತಿದ್ದರು. ನಾವು ಅವರನ್ನು ಸ್ಪೀಚ್ ಮೇಡಂ ಎನ್ನುತ್ತಿದ್ದೆವು. ಒಂದು ದಿನ ಅವರ ಕಣ್ಣು ಕ್ಯಾಸೆಟ್ಟುಗಳ ಕಪಾಟಿನ ಮೇಲೆ ಬಿತ್ತು.

"ಇವರಿಗೆ ಹಾಡು ಬರ್ತಿತ್ತಾ?"

"ಪ್ರಪಂಚದ ಹಾಡೆಲ್ಲಾ ಬರ್ತಿತ್ತು" ಎಂದಳು ದೊಡ್ಡಮ್ಮ.

"ಹಾಗಾದ್ರೆ ದಿನಾ ಹಾಡು ಕೇಳಿಸಿ. ಮಾತಾಡೋಕಾಗದೇ ಇರೋ ಕೆಲವರು ಹಾಡಿನ ಜೊತೆ ಪದ ಹೇಳ್ತಾರೆ. ಎಲ್ಲರಿಗೂ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಆದ್ರೆ ಚೆನ್ನಾಗಿ ಗೊತ್ತಿರೋ ಹಾಡು, ಒಳ್ಳೇ ಸದ್ದಲ್ಲಿ, ದಿನಾ ಅದೇ ಹೊತ್ತಿಗೆ. ಮೊದಲು ಅದನ್ನ ಶುರು ಮಾಡಿ."

ಒಳ್ಳೇ ಸದ್ದಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಅವರ ಮಗ, ಎಂದರೆ ನನ್ನ ಅಣ್ಣ, ರೈಲು ಎಂಜಿನ್ ಓಡಿಸುತ್ತಾನೆ. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಆ ಎರಡು ದಿನ ಸಿನಿಮಾ ನೋಡಲೆಂದು ಹಿಂದಿನ ವರ್ಷವಷ್ಟೇ ಗೋಡೆಯಷ್ಟಗಲದ ಟೀವಿ, ಅದರ ಕೆಳಗೆ ಆಂಪ್ಲಿಫೈಯರ್, ಕೋಣೆಯ ಸುತ್ತ ಐದು ಸ್ಪೀಕರ್, ಮೂಲೆಯಲ್ಲಿ ಧಡ್ ಧಡ್ ಎನ್ನುವ ದೊಡ್ಡ ಪೆಟ್ಟಿಗೆ, ಎಲ್ಲ ಜೋಡಿಸಿದ್ದ. ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿ ಟೀವಿಗೆ ಚುಚ್ಚಿದ್ದ. ಟೀವಿ ಹಾಕಿದರೆ ಆಂಪ್ಲಿಫೈಯರ್ ತಾನೇ ಏಳುತ್ತಿತ್ತು. ಪರದೆಯ ಮೇಲೆ ಹಾಡಿನ ಪಟ್ಟಿ ಬರುತ್ತಿತ್ತು. ಬೇಕಾದ್ದನ್ನು ಆಯ್ದು ಒತ್ತಿದರೆ ಹಾಡು.

ಮೊದಲ ದಿನ ಹಾಡು ಹಾಕಿ ದೊಡ್ಡಪ್ಪನನ್ನು ಮುಂದೆ ಕೂರಿಸಿದೆವು. ಪಲ್ಲವಿ ಮುಗಿಯುವ ಮೊದಲೇ ಅವರು ಎಡಗೈಯಿಂದ ಮುಖ ಮುಚ್ಚಿಕೊಂಡರು. ಪರದೆಯ ತುಂಬ ಸಾಲು ಸಾಲು ಅಕ್ಷರ. ಹಾಡುಗಳ ಹೆಸರು, ಅದರ ಕೆಳಗೆ ಇನ್ನೇನೋ, ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿಯುವ ಸಾಲು. ಜೀವಮಾನವೆಲ್ಲ ಅಕ್ಷರದ ಜೊತೆ ಸಂಸಾರ ಮಾಡಿದವರು, ಈಗ ಒಂದೂ ಗುರುತು ಸಿಗದೆ, "ಅದು... ಅದು..." ಎಂದು ಎದ್ದು ಹೋಗಲು ಕೋಲು ಹುಡುಕಿದರು.

ದೊಡ್ಡಮ್ಮ ಟೀವಿಯ ಮೇಲೆ ಹೊದಿಕೆ ಹೊದಿಸಿದಳು. ಬಟ್ಟೆಯ ಹಿಂದಿನಿಂದ ಬೆಳಕು ಮಿಣಿಮಿಣಿ ಎನ್ನುತ್ತಿತ್ತು, ದೊಡ್ಡಪ್ಪನ ಕಣ್ಣು ಅಲ್ಲೇ. ಮೊಬೈಲಿನಲ್ಲಿ ಹಾಡು ಹಾಕಿದಳು. ಡಬ್ಬಿಯೊಳಗೆ ಸಿಕ್ಕಿಬಿದ್ದ ಸೊಳ್ಳೆಯಂತಿತ್ತು ಅದರ ಸದ್ದು; ಅದನ್ನೂ ಅವರು ದೂರ ತಳ್ಳಿದರು. ಟೀವಿ ಆರಿಸಿದರೆ ಹಾಡೂ ಆರುತ್ತಿತ್ತು.

ಫೋನಿನಲ್ಲಿ ಅಣ್ಣ ಹೇಳಿದ: "ಅದು ಹಾಗೇ ಇರೋದಮ್ಮ. ಟೀವಿ ಇಲ್ದೆ ಅದು ನಡೆಯಲ್ಲ. ಅಂಗಡಿಯೋರನ್ನ ಕಳಿಸ್ತೀನಿ, ಕೇಳಿ ನೋಡು."

ಅಂಗಡಿಯ ಮೆಕ್ಯಾನಿಕ್ ಬಂದರು. ನಲವತ್ತರ ಆಸುಪಾಸಿನವರು, ಸೊಂಟಕ್ಕೆ ಸ್ಕ್ರೂಡ್ರೈವರುಗಳ ಚೀಲ. ಅವತ್ತು ನಾನೂ ಅಲ್ಲಿದ್ದೆ. ನನ್ನ ಮನೆ ಎರಡು ಬೀದಿ ಆಚೆ, ನಾನು ಲೆಕ್ಕದ ಟೀಚರ್ ಆಗಿರುವ ಶಾಲೆ ಮೂರು ಬೀದಿ ಆಚೆ. ದೊಡ್ಡಮ್ಮ ಹೇಳಿದ್ದನ್ನು ಅವರು ನಿಂತೇ ಕೇಳಿದರು. ರಿಮೋಟ್ ಒತ್ತಿ ಟೀವಿ ಹಾಕಿದರು, ಆರಿಸಿದರು, ಅಷ್ಟೇ.

"ಇದು ಹೋಮ್ ಥಿಯೇಟರ್ ಅಮ್ಮ. ಥಿಯೇಟರಲ್ಲಿ ಪರದೆ ಆರಿಸಿ ಯಾರಾದ್ರೂ ಸಿನಿಮಾ ನೋಡ್ತಾರಾ?"

"ನಮಗೆ ನೋಡೋದು ಬೇಡ, ಕೇಳಿದ್ರೆ ಸಾಕು."

"ಹಾಗಾದ್ರೆ ಬೇರೆ ಸೆಟ್ಟೇ ತಗೋಬೇಕು. ಇದರಲ್ಲಿ ಆಗಲ್ಲ."

"ಹಿಂದುಗಡೆ ಒಂದು ಸಲ ನೋಡ್ತೀರಾ?"

"ನೀವು ತಲೆ ಕೆಡಿಸ್ಕೋಬೇಡಿ ಅಮ್ಮ. ಇದೆಲ್ಲಾ ಎಲೆಕ್ಟ್ರಾನಿಕ್ಸು. ನಿಮಗೆ ಅರ್ಥ ಆಗಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಮ್ಮ ಅಡುಗೆಮನೆಗೆ ಹೋದಳು. ಟೀ ಕೊಟ್ಟಳು, ಬಾಗಿಲವರೆಗೂ ಹೋಗಿ ಕಳಿಸಿದಳು. ಚಿಲಕ ಹಾಕಿ ಬಂದು, ಆಂಪ್ಲಿಫೈಯರಿನ ಮುಂದೆ ನೆಲದ ಮೇಲೆ ಕೂತು ಅದರ ಬೆನ್ನಿನ ಮೇಲೆ ಕೈಯಿಟ್ಟಳು. ಹಸುವಿನ ಮೈ ಸವರುವವರ ಹಾಗೆ.

"ಇದರ ಹೊಟ್ಟೆಯೊಳಗಿರೋದನ್ನ ನಾನು ಎಷ್ಟು ಸಾವಿರ ಸುತ್ತಿದೀನೋ. ಪಾಪ, ಅವರಿಗೆ ಗೊತ್ತಿಲ್ಲ" ಎಂದಳು. ಆಮೇಲೆ, "ನಾಳೆ ನಿನಗೆ ರಜೆ ತಾನೇ? ಬೇಗ ಬಾ" ಎಂದಳು.

ಮರುದಿನ ನಾನು ಹೋಗುವಷ್ಟರಲ್ಲಿ ಅವಳು ಕಾರ್ಖಾನೆಗೆ ಹೋಗುವ ದಿನಗಳಂತೆಯೇ ಕೂದಲನ್ನು ಬಿಗಿಯಾಗಿ ಗಂಟು ಕಟ್ಟಿ, ಬಳೆ ಬಿಚ್ಚಿಟ್ಟು ಸಿದ್ಧವಾಗಿದ್ದಳು. ಇಬ್ಬರೂ ಸೇರಿ ಟೀವಿಯ ಕೆಳಗಿನ ಮೇಜನ್ನು ಮುಂದಕ್ಕೆಳೆದೆವು. ಆಂಪ್ಲಿಫೈಯರಿನ ಬೆನ್ನ ಮೇಲೆ ಸಾಲು ಸಾಲು ತೂತು, ಅವಕ್ಕೆ ಚುಚ್ಚಿದ ಕಪ್ಪು ವೈರುಗಳ ಗೋಜಲು, ಅದರ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ದೊಡ್ಡಮ್ಮ ಬಣ್ಣ ಹಚ್ಚುವ ಬ್ರಷ್ಷಿನಿಂದ ಧೂಳು ತೆಗೆದಳು. ಒಂದೊಂದು ವೈರಿಗೂ ಒಂದೊಂದು ಬಣ್ಣದ ಹೊಲಿಗೆ ದಾರ ಕಟ್ಟಿದಳು.

"ಏನೇ ಬಿಚ್ಚಿದ್ರೂ ಮತ್ತೆ ಅಲ್ಲೇ ಹೋಗಿ ಕೂರ್ಬೇಕು. ಮತ್ತೆ, ಒಂದು ಸಲಕ್ಕೆ ಒಂದೇ ಬಿಚ್ಚೋದು. ಎರಡು ಬಿಚ್ಚಿದ್ರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ."

ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ನಾನು ಹೇಳಬೇಕಾದ ಮಾತದು.

ಅಟ್ಟದ ಮೇಲಿಂದ ದೊಡ್ಡಪ್ಪ ಕ್ಯಾಸೆಟ್ಟು ಹಾಕುತ್ತಿದ್ದ, ಸ್ವಂತ ಸ್ಪೀಕರ್ ಇಲ್ಲದ ಹಳೆಯ ಟೇಪ್ ಡೆಕ್ ಇಳಿಸಿದೆವು. ಅದರ ಹಿಂದಿನಿಂದ ಕೆಂಪು, ಬಿಳಿ ಎರಡು ಪಿನ್ನಿನ ವೈರು ಹೊರಡುತ್ತಿತ್ತು. ಆಂಪ್ಲಿಫೈಯರಿನ ಬೆನ್ನಲ್ಲೂ ಕೆಂಪು, ಬಿಳಿ ತೂತುಗಳು ಖಾಲಿ ಕೂತಿದ್ದವು. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಆಂಪ್ಲಿಫೈಯರ್ ಏಳಲೆಂದು ಟೀವಿ ಹಾಕಿ, ಡೆಕ್ಕಿನಲ್ಲಿ ಒಂದು ಕ್ಯಾಸೆಟ್ಟು ಓಡಿಸಿದೆವು. ಮುಂದಿನ ಗುಬಟನ್ನು ತಿರುಗಿಸುತ್ತ ಹೋದರೆ ಸಣ್ಣ ಕಿಟಕಿಯಲ್ಲಿ ಹೆಸರು ಬದಲಾಗುತ್ತಿತ್ತು. ನಾಲ್ಕನೆಯ ಹೆಸರಿಗೆ ಕೋಣೆಯ ಐದೂ ಸ್ಪೀಕರಿನಿಂದ ಹಾಡು ಹೊಮ್ಮಿತು.

"ಬಂತು!" ಎಂದು ನಾನು ಚಪ್ಪಾಳೆ ತಟ್ಟಿದೆ.

"ಟೀವಿ ಇನ್ನೂ ಉರೀತಿದೆ. ಅದನ್ನ ಆರಿಸು."

ಆರಿಸಿದೆ. ಹಾಡು ನಿಂತುಹೋಯಿತು. ಮೆಕ್ಯಾನಿಕ್ ಹೇಳಿದ್ದೇ ನಿಜವಾಯಿತಲ್ಲ ಎಂದು ನನ್ನ ಮುಖ ಸಪ್ಪಗಾಯಿತು. ದೊಡ್ಡಮ್ಮನ ಮುಖ ಮಾತ್ರ ಹಾಗಾಗಲಿಲ್ಲ. ಕತ್ತು ಓರೆ ಮಾಡಿ ಕೂತಿದ್ದಳು.

"ಮತ್ತೆ ಹಾಕು. ಮತ್ತೆ ಆರಿಸು."

ಹಾಕಿದೆ, ಆರಿಸಿದೆ. ಹತ್ತು ಸಲ ಮಾಡಿಸಿರಬೇಕು. ಪ್ರತಿ ಸಲವೂ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ಎರಡು ಟಕ್ ಇದೆ, ನಿನಗೆ ಕೇಳಿಸ್ತಾ? ಮೊದಲು ಟೀವಿದು. ಒಂದು ಉಸಿರು ಬಿಟ್ಟು ಇದರದ್ದು. ಕರೆಂಟು ಹೋಗಿ ಆರೋದಾದ್ರೆ ಎರಡೂ ಒಟ್ಟಿಗೆ ಆರ್ಬೇಕಿತ್ತು. ಇದು ತಾನಾಗಿ ಮಲಗ್ತಿಲ್ಲ ಕಣೇ. ಅದು ಇದಕ್ಕೆ ಮಲಗು ಅಂತ ಹೇಳ್ತಿದೆ, ಇದು ಕೇಳ್ತಿದೆ."

"ಹೇಗೆ ಹೇಳುತ್ತೆ?"

"ಇಬ್ಬರ ಮಧ್ಯೆ ಇರೋದು ಒಂದೇ ವೈರು. ಹಳದಿ ದಾರದ್ದು. ಕೀಳು ಅದನ್ನ."

ಕಿತ್ತೆ. ಆಂಪ್ಲಿಫೈಯರ್ ಹಾಕಿದಳು, ಗುಬಟು ತಿರುಗಿಸಿದಳು, ಟೇಪಿನ ಗುಂಡಿ ಒತ್ತಿದಳು. ಟೀವಿ ಗೋಡೆಯ ಮೇಲೆ ಕಪ್ಪಗೆ, ಸತ್ತ ಹಾಗೆ ಇತ್ತು. ಅದರ ಕೆಳಗಿನಿಂದ ಹಾಡು ಉಕ್ಕಿ ಬರುತ್ತಿತ್ತು. ನಾನು ಅಕ್ಷರಶಃ ಕುಣಿದೆ.

"ಕುಣಿಬೇಡ. ಅರ್ಧ ಕೆಲಸ ಆಗಿದೆ ಅಷ್ಟೇ."

"ಇನ್ನೇನು ಬೇಕು ದೊಡ್ಡಮ್ಮ?"

"ಮಗ ಬಂದಾಗ ಟೀವಿ ಹಾಕಿದ್ರೆ ಈ ಸ್ಪೀಕರಲ್ಲಿ ಸದ್ದೇ ಬರಲ್ಲ. ಪ್ರತಿ ಸಲ ಮೇಜು ಎಳೆದು ವೈರು ಚುಚ್ಚೋಕಾಗುತ್ತಾ? ಒಂದನ್ನ ಸರಿ ಮಾಡೋಕೆ ಇನ್ನೊಂದನ್ನ ಕೆಡಿಸಿದ್ರೆ ಅದು ಕೆಲಸ ಅಲ್ಲ. ಅದರ ಪುಸ್ತಕ ಎಲ್ಲಿದೆ ನೋಡು."

ಆಂಪ್ಲಿಫೈಯರಿನ ಕೈಪಿಡಿ ಕಪಾಟಿನ ತಳದಲ್ಲಿತ್ತು, ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ನೂರಾರು ಪುಟ, ಇರುವೆಯಂಥ ಇಂಗ್ಲಿಷ್ ಅಕ್ಷರ. ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ, ಅವಳು "ಅದಲ್ಲ, ಮುಂದೆ", "ಅದೂ ಅಲ್ಲ" ಎನ್ನುತ್ತಾ ಹೋದಳು. ಮಧ್ಯಾಹ್ನದ ಊಟ ತಡವಾಯಿತು. ದೊಡ್ಡಪ್ಪ ಒಳಕೋಣೆಯಿಂದ ಎರಡು ಸಲ ಬಂದು ಬಾಗಿಲಲ್ಲಿ ನಿಂತು, ನೆಲದ ತುಂಬ ಹರಡಿದ್ದ ವೈರುಗಳನ್ನು ನೋಡಿ ಹೋದರು. ಎಪ್ಪತ್ತಾರನೆಯ ಪುಟದಲ್ಲಿ, ಟೀವಿ ಮತ್ತು ಆಂಪ್ಲಿಫೈಯರ್ ಒಂದರ ಜೊತೆ ಒಂದು ಏಳುವ, ಆರುವ ವ್ಯವಸ್ಥೆಯ ಬಗ್ಗೆ ನಾಲ್ಕು ಸಾಲಿತ್ತು.

"ನಿಲ್ಲು. ಅದೇ. ಅದನ್ನ ಬೇಡ ಅನ್ನೋಕೆ ಎಲ್ಲಿ ಒತ್ತಬೇಕಂತೆ?"

ನಾನು ಓದಿದೆ. ಆ ಆಯ್ಕೆಗಳೆಲ್ಲ ಕಾಣುವುದು ಟೀವಿಯ ಪರದೆಯ ಮೇಲೆ. ಅಂದರೆ ಹಳದಿ ದಾರದ ವೈರು ಮತ್ತೆ ಚುಚ್ಚಬೇಕು, ಟೀವಿ ಹಾಕಬೇಕು.

"ಟೀವಿ ಬೇಡ ಅನ್ನೋಕೂ ಟೀವಿನೇ ಹಾಕ್ಬೇಕಾ!" ಎಂದು ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹಾಕಿದೆವು. ಒಂದರೊಳಗೊಂದು ಐದು ಪಟ್ಟಿ ದಾಟಿ ಹೋದಮೇಲೆ ಆ ಸಾಲು ಸಿಕ್ಕಿತು. 'ಆನ್' ಎಂದಿದ್ದುದನ್ನು 'ಆಫ್' ಮಾಡಿದೆ. ಗುಬಟನ್ನು ಟೇಪಿಗೆ ತಿರುಗಿಸಿದಳು. ಹಾಡು ಶುರುವಾಯಿತು. ಟೀವಿಯ ರಿಮೋಟನ್ನು ನಾನು ಅವಳ ಕೈಗೇ ಕೊಟ್ಟೆ. ಅವಳು ಒತ್ತಿದಳು.

ಒಂದು ಟಕ್. ಪರದೆ ಕಪ್ಪಾಯಿತು. ನಾವಿಬ್ಬರೂ ಆಂಪ್ಲಿಫೈಯರಿನ ಕಡೆ ಕಿವಿಯಿಟ್ಟೆವು. ಎರಡನೆಯ ಟಕ್ ಬರಲಿಲ್ಲ. ಹಾಡು ಎರಡನೆಯ ಚರಣಕ್ಕೆ ದಾಟಿತು. ಮತ್ತೆ ಟೀವಿ ಹಾಕಿ ಗುಬಟು ಆ ಕಡೆಗೆ ತಿರುಗಿಸಿದರೆ ಟೀವಿಯ ಸದ್ದೂ ಬಂತು.

"ಈಗ ಕುಣಿ" ಎಂದಳು.

ಅಂದು ಸಂಜೆ ಐದಕ್ಕೆ ದೊಡ್ಡಪ್ಪನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಅವರು ಕಪ್ಪು ಪರದೆಯನ್ನೇ ಗುಮಾನಿಯಿಂದ ನೋಡುತ್ತಾ ಕೂತರು, ಈಗ ಅಕ್ಷರ ಬರುತ್ತದೆ, ಇನ್ನೇನು ಬರುತ್ತದೆ ಎಂಬಂತೆ. ಬರಲಿಲ್ಲ. ಹಾಡು ಮಾತ್ರ ಬಂತು, ಅವರೇ ಎಂದೋ ಆರಿಸಿ ತಂದ ಹಾಡು, ಅವರದೇ ಕ್ಯಾಸೆಟ್ಟಿನಿಂದ. ಮೂರನೆಯ ಹಾಡಿನ ಹೊತ್ತಿಗೆ ಬೆನ್ನು ಕುರ್ಚಿಗೆ ತಾಗಿತು. ಐದನೆಯದಕ್ಕೆ ಎಡಗೈಯ ತೋರುಬೆರಳು ಕುರ್ಚಿಯ ಹಿಡಿಯ ಮೇಲೆ ತಾಳ ಹಾಕತೊಡಗಿತು. ದೊಡ್ಡಮ್ಮ ಅದನ್ನು ನನಗೆ ಕಣ್ಸನ್ನೆಯಲ್ಲಿ ತೋರಿಸಿದಳು.

ಆಮೇಲೆ ದಿನವೂ ಐದಕ್ಕೆ ಹಾಡು. ಎರಡನೆಯ ವಾರ ಗಂಟಲಿನಿಂದ ಒಂದು ಗುನುಗು ಬರತೊಡಗಿತು. ರಾಗ ಸರಿಯಿತ್ತು, ಪದವಿರಲಿಲ್ಲ. ಹತ್ತೊಂಬತ್ತನೆಯ ದಿನ ನಾನು ಶಾಲೆಯಿಂದ ನೇರವಾಗಿ ಅಲ್ಲಿಗೆ ಹೋಗಿದ್ದೆ. ದೊಡ್ಡಮ್ಮ ಒಗೆದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಮಡಚುತ್ತಿದ್ದಳು. ಸ್ಪೀಕರಿನಲ್ಲಿ ಆ ಹಾಡು ಬಂತು, ಅವಳೂ ತನ್ನ ಪಾಡಿಗೆ ದನಿಗೂಡಿಸಿದಳು: "ಬಳಗ ಬಂದಿತು ಬಾಗಿಲಿಗೆ..."

"ತಪ್ಪು."

ಕುರ್ಚಿಯ ಕಡೆಯಿಂದ ಬಂದ ದನಿ. ದೊಡ್ಡಮ್ಮನ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. ದೊಡ್ಡಪ್ಪನ ಹುಬ್ಬು ಗಂಟಿಕ್ಕಿತ್ತು, ತುಟಿ ಒದ್ದಾಡುತ್ತಿತ್ತು.

"ಬೆ... ಬೆಳಕು."

ದೊಡ್ಡಮ್ಮ ಟವೆಲನ್ನು ರಾಶಿಯ ಮೇಲೆ ಹಾಕಿ ಕುರ್ಚಿಯ ಕಡೆ ತಿರುಗಿದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ಆದರೆ ಅವಳು ಅಳಲಿಲ್ಲ.

"ಏನಂದ್ರಿ? ನನಗೆ ಕೇಳಿಸ್ಲಿಲ್ಲ."

"ಬೆಳಕು!" ಎಂದರು ದೊಡ್ಡಪ್ಪ, ಸಿಟ್ಟಿನಿಂದ. ಎರಡು ತಿಂಗಳ ಮೇಲೆ ಆ ಮನೆಯಲ್ಲಿ ಕೇಳಿದ ಅವರ ಮೊದಲ ಬೈಗುಳ ಅದು. ಆಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿತೇನೋ, ಬಾಯಿ ಅರ್ಧ ತೆರೆದು ನಮ್ಮಿಬ್ಬರನ್ನೂ ನೋಡಿದರು. ಮುಖದ ಒಂದೇ ಬದಿ ನಕ್ಕಿತು. ಅಷ್ಟು ಚೆಂದದ ಅರ್ಧ ನಗುವನ್ನು ನಾನು ಕಂಡಿಲ್ಲ.

ಅಂದಿನಿಂದ ದೊಡ್ಡಮ್ಮ ಬೇಕೆಂತಲೇ ತಪ್ಪು ಹಾಡತೊಡಗಿದಳು. ಸ್ಪೀಚ್ ಮೇಡಂ ಇದನ್ನು ಕೇಳಿ ಮೊದಲು ನಕ್ಕರು, ಆಮೇಲೆ ನೋಟ್‌ಬುಕ್ ತೆಗೆದು ಬರೆದುಕೊಂಡರು. "ಒಂದು ಹಾಡಿಗೆ ಒಂದೇ ಪದ ತಪ್ಪಿಸಿ, ಅವರಿಗೆ ಸಮಯ ಕೊಡಿ" ಎಂದು ಹೇಳಿದರು. ಆದರೆ ದೊಡ್ಡಮ್ಮನ ಉತ್ಸಾಹ ಎಲ್ಲಿ ಕೇಳುತ್ತದೆ? ಒಂದು ಸಂಜೆ ಒಂದು ಇಡೀ ಹಾಡಿನಲ್ಲಿ ಸರಿಯಾದ ಪದ ಒಂದೂ ಇರಲಿಲ್ಲ. ದೊಡ್ಡಪ್ಪ ಎಡಗೈ ಎತ್ತಿ "ಸಾಕು" ಎಂದರು. ಅದೂ ಹೊಸ ಪದವೇ. ಮೇಡಂ ಅದನ್ನೂ ಪಟ್ಟಿಗೆ ಸೇರಿಸಿಕೊಂಡರು.

ಅಣ್ಣ ಎಂಜಿನ್ ಇಳಿದು ಮನೆಗೆ ಬಂದಾಗ ದೊಡ್ಡಪ್ಪ ಬಾಗಿಲ ಕಡೆ ತಿರುಗಿ "ಬಾ" ಎಂದರು. ಅವನು ಚೀಲ ಇಳಿಸುವುದನ್ನೂ ಮರೆತು ನಿಂತ. ಟೀವಿ ಕಪ್ಪಗಿದ್ದೂ ಹಾಡು ಬರುತ್ತಿರುವುದು ಗಮನಕ್ಕೆ ಬಂದದ್ದು ಎಷ್ಟೋ ಹೊತ್ತಿನ ಮೇಲೆ.

"ಅಮ್ಮ, ಈ ಸೆಟ್ಟಿಂಗ್ ಎಲ್ಲಿತ್ತು?"

"ನೀನೇ ತಂದ ಪುಸ್ತಕದಲ್ಲಿ. ಕವರ್ ಬಿಚ್ಚಿದ್ರೆ ನಿನಗೂ ಸಿಗ್ತಿತ್ತು" ಎಂದಳು ದೊಡ್ಡಮ್ಮ. ಅಣ್ಣ ಅವಳ ಎರಡೂ ಕೈ ಹಿಡಿದು, ಬೆರಳ ತುದಿಯಲ್ಲಿ ತಂತಿ ಎಳೆದೆಳೆದು ಬಿದ್ದಿದ್ದ ಗೆರೆಗಳನ್ನು ನೋಡುತ್ತಾ ಕೂತ. ಮರುವಾರ ಅವನ ರೈಲಿನವರಿಗೆಲ್ಲ ಈ ಸುದ್ದಿ ಗೊತ್ತಾಗಿತ್ತು, ಕಂಡವರಿಗೆಲ್ಲ ಹೇಳಿದ್ದನಂತೆ.

ಅಂಗಡಿಯ ಮೆಕ್ಯಾನಿಕ್ಕನ್ನು ದೊಡ್ಡಮ್ಮನೇ ಫೋನು ಮಾಡಿ ಕರೆಸಿದಳು. ಏನೋ ದೂರಿರಬೇಕೆಂದು ಅವರು ಹುಬ್ಬು ಗಂಟಿಕ್ಕಿಕೊಂಡೇ ಬಂದರು. ಅವಳು ಅವರ ಮುಂದೆ ಹಾಡು ಹಾಕಿ, ಟೀವಿ ಆರಿಸಿ, ಪಕ್ಕಕ್ಕೆ ಸರಿದಳು. ಅವರು ಪರದೆ ನೋಡಿದರು, ಆಂಪ್ಲಿಫೈಯರ್ ನೋಡಿದರು, ಬಗ್ಗಿ ಹಿಂದೆ ನೋಡಿದರು. ಬಣ್ಣಬಣ್ಣದ ದಾರ ಕಂಡವು.

"ಯಾರು ಮಾಡಿದ್ದು?"

"ನಮ್ಮ ದೊಡ್ಡಮ್ಮ" ಎಂದೆ. ಆ ಎರಡು ಪದ ಹೇಳುವುದಕ್ಕೆ ನಾನು ಎಷ್ಟು ದಿನದಿಂದ ಕಾದಿದ್ದೆನೋ.

ಅವರು ತಲೆ ಕೆರೆದುಕೊಂಡರು. "ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಅಮ್ಮ. ಟೀವಿ ಇಲ್ದೆ ಬೇಕು ಅಂತ ಯಾರೂ ಕೇಳಿರ್ಲಿಲ್ಲ."

"ನಾನು ಕೇಳಿದ್ನಲ್ಲ."

"ಕೇಳಿದ್ರಿ. ನಾನೇ ಬಗ್ಗಿ ನೋಡ್ಲಿಲ್ಲ. ಅವತ್ತು ಅರ್ಥ ಆಗಲ್ಲ ಅಂದಿದ್ದು ತಪ್ಪಾಯ್ತು."

ದೊಡ್ಡಮ್ಮ ಆ ಮಾತನ್ನು ಬೆಳೆಸಲಿಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಒಂದೊಂದೇ ಹಂತ ತೋರಿಸಿಕೊಟ್ಟಳು. ಅವರು ಬರೆದುಕೊಂಡು ಹೋದರು. ಬೇರೆ ಬೇರೆ ಸೆಟ್ಟುಗಳಲ್ಲಿ ಆ ಸಾಲು ಬೇರೆ ಬೇರೆ ಜಾಗದಲ್ಲಿರುತ್ತದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಈಗಲೂ ಫೋನು ಮಾಡುತ್ತಾರೆ, ಇವಳೂ ಅವರಿಗೆ ಮಾಡುತ್ತಾಳೆ.

ಏಕೆಂದರೆ ಅಷ್ಟರಲ್ಲಿ ದೊಡ್ಡಮ್ಮನಿಗೆ ಹೊಸ ಕೆಲಸವೊಂದು ಗಂಟುಬಿದ್ದಿತ್ತು. ಸ್ಪೀಚ್ ಮೇಡಂ ಹೋಗುವ ಬೇರೆ ಮನೆಗಳಲ್ಲೂ ದೊಡ್ಡಪ್ಪನಂಥವರಿದ್ದರು. ಅಲ್ಲೂ ದೊಡ್ಡ ಟೀವಿ, ಒಳ್ಳೆ ಸ್ಪೀಕರ್, ಎಲ್ಲ ಟೀವಿಯ ಕೊರಳಿಗೇ ಕಟ್ಟಿದ್ದು. ಹಾಡು ಹಾಕಿದರೆ ಮನೆಯವರೆಲ್ಲ ಪರದೆ ನೋಡುತ್ತಾ ಕೂರುತ್ತಾರೆ, ಕಾಯಿಲೆಯವರ ಕಡೆ ಯಾರೂ ತಿರುಗುವುದಿಲ್ಲ. "ನೀವೊಂದು ಸಲ ಬಂದು ಮಾಡಿಕೊಡ್ತೀರಾ?" ಎಂದು ಮೇಡಂ ಕೇಳಿದರು. ದೊಡ್ಡಮ್ಮ ದಾರದ ಉಂಡೆ, ಬ್ರಷ್ಷು, ಕೆಂಪು ಬಿಳಿ ವೈರು ಒಂದು ಚೀಲಕ್ಕೆ ಹಾಕಿಕೊಂಡು ಹೊರಟಳು. ಇಲ್ಲಿಯವರೆಗೆ ಹನ್ನೊಂದು ಮನೆಯಾಗಿದೆ. ಎಲ್ಲಿಯೂ ಅವಳೇ ಮಾಡಿ ಮುಗಿಸಿ ಬರುವುದಿಲ್ಲ. ಮನೆಯವರ ಕೈಯಲ್ಲೇ ಒಂದು ಸಲ ಬಿಚ್ಚಿಸಿ, ಮತ್ತೆ ಹಾಕಿಸಿ, ದಪ್ಪಕ್ಷರದಲ್ಲಿ ಹಂತಗಳನ್ನು ಬರೆಸಿ ಗೋಡೆಗೆ ಅಂಟಿಸಿ ಬರುತ್ತಾಳೆ.

ಎಲ್ಲ ಕಡೆಯೂ ಮಾತು ಮರಳಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ಮನೆಗಳಲ್ಲಿ ಪದಗಳು ಬಂದವು. ಒಂದು ಕಡೆ ಒಬ್ಬ ಅಜ್ಜಿ ಈವರೆಗೂ ಒಂದು ಮಾತಾಡಿಲ್ಲ. ಹಾಡು ಹಾಕಿದ ಮೇಲೆ ಊಟ ಸರಿಯಾಗಿ ಮಾಡುತ್ತಾರೆ, ಅಷ್ಟೇ. ದೊಡ್ಡಮ್ಮ ಆ ಮನೆಗೂ ತಿಂಗಳಿಗೊಮ್ಮೆ ಹೋಗಿ ಬರುತ್ತಾಳೆ. "ಊಟ ಮಾಡೋದೇನು ಸಣ್ಣದಾ?" ಎನ್ನುತ್ತಾಳೆ.

ಹನ್ನೊಂದನೆಯದು ಒಬ್ಬ ದರ್ಜಿಯ ಮನೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಅವತ್ತು ದೊಡ್ಡಪ್ಪ ತಾವೂ ಬರುವುದಾಗಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತುಬಿಟ್ಟರು. ಈಗ ಅವರು ಮೂರು ನಾಲ್ಕು ಪದದ ಮಾತಾಡುತ್ತಾರೆ. ಪೇಪರಿನ ದಪ್ಪ ತಲೆಬರಹಗಳನ್ನು ಬೆರಳಿಟ್ಟು ಓದುತ್ತಾರೆ. ಬೇಡವೆಂದರೆ ಕೇಳುವವರಲ್ಲ. ಒಂದೊಂದು ಮೆಟ್ಟಿಲಿಗೂ ಕೋಲು, ಎಡಗಾಲು, ಆಮೇಲೆ ಬಲಗಾಲು. ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡೆವು. ಚೀಲ ಹೊತ್ತು ನಾನು ಹಿಂದೆ, ದೊಡ್ಡಮ್ಮ ಅವರ ಬಲಗಡೆ.

ದರ್ಜಿಯ ಹೆಂಡತಿ ಬಾಗಿಲು ತೆರೆದರು. ಮುಂದೆ ನಿಂತಿದ್ದ ದೊಡ್ಡಪ್ಪನನ್ನು ನೋಡಿ, "ಟೀವಿ ಸರಿ ಮಾಡೋರು ನೀವೇನಾ? ಮೇಡಂ ಹೇಳಿದ್ರು" ಎಂದರು.

ದೊಡ್ಡಪ್ಪ ಅಲ್ಲವೆಂದು ತಲೆಯಾಡಿಸಿದರು. ಏದುಸಿರು ಇಳಿಯುವವರೆಗೆ ಕಾದರು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಅವರು ಎಡಗೈ ಎತ್ತಿ ತಡೆದರು.

"ನಾನಲ್ಲ" ಎಂದರು. ಕೋಲಿನ ಮೇಲೆ ಭಾರ ಹಾಕಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು, ಮರೆಯಲ್ಲಿದ್ದ ದೊಡ್ಡಮ್ಮ ಕಾಣುವಂತೆ. "ಇವಳು. ನನ್ನ ಹೆಂಡ್ತಿ." ಇನ್ನೊಂದು ಪದಕ್ಕಾಗಿ ಹುಡುಕಿದರು. ಯಾರೂ ಅವಸರ ಮಾಡಲಿಲ್ಲ. "ಇವಳಿಗೆ... ಎಲ್ಲಾ ಗೊತ್ತು."

ದೊಡ್ಡಮ್ಮ ನನ್ನ ಕೈಯಿಂದ ಚೀಲ ಕಿತ್ತುಕೊಂಡು ಅದರಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದಳು. ಅದರಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. "ಮಾತು ಕಲಿತಿದ್ದು ಜಾಸ್ತಿ ಆಯ್ತು ಇವರಿಗೆ" ಎಂದು ಗೊಣಗಿದಳು, ಕಿವಿಯವರೆಗೂ ಕೆಂಪಾಗಿ. ಆಮೇಲೆ ತಲೆಯೆತ್ತಿ, ಚಪ್ಪಲಿ ಬಿಡುತ್ತಾ, "ಮೊದಲು ನಮ್ಮವರಿಗೆ ಒಂದು ಕುರ್ಚಿ ಕೊಡಿ. ಆಮೇಲೆ ಪ್ಲಗ್ಗು ಎಲ್ಲಿದೆ ತೋರಿಸಿ" ಎಂದಳು.